ಜನವರಿ ಮೂರರ ರಜೆ

ಶಾಲೆಯ ಗೇಟು ದಾಟಿದ ದಾನೇಶ್ವರಿ ಅಲ್ಲೇ ನಿಂತುಬಿಟ್ಟಳು.

ಯಾರೋ ಅಪರಿಚಿತ ಗಂಡಸು ಕರಿಹಲಗೆಯ ಮುಂದೆ ನಿಂತು, ಅವಳು ಹಿಂದಿನ ಸಂಜೆ ಅಚ್ಚುಕಟ್ಟಾಗಿ ಬರೆದಿಟ್ಟು ಹೋಗಿದ್ದ ಸಾಲನ್ನು ಕರವಸ್ತ್ರದಿಂದ ಒರೆಸುತ್ತಿದ್ದ!

ದೋರನಹಳ್ಳಿಯ ಆ ಹೈಸ್ಕೂಲಿನಲ್ಲಿ ಅವಳು ಸಮಾಜ ವಿಜ್ಞಾನದ ಟೀಚರ್. ‘ಇತಿಹಾಸದಲ್ಲಿ ಈ ದಿನ’ ಅನ್ನುವ ಆ ಹಲಗೆ ಅವಳದೇ ಕೂಸು. ಇದೇ ತಾರೀಕಿನಂದು ಹಿಂದೆ ಎಲ್ಲೆಲ್ಲಿ ಏನೇನಾಗಿತ್ತು ಅಂತ ದಿನವೂ ಬರೆಯುತ್ತಿದ್ದಳು. ಒಂದೇ ತಾರೀಕು... ಒಂದು ಕಡೆ ಯುದ್ಧ ನಿಂತಿರುತ್ತದೆ, ಮತ್ತೊಂದು ಕಡೆ ಯಾವುದೋ ರಾಜ ಸತ್ತಿರುತ್ತಾನೆ, ಇನ್ನೆಲ್ಲೋ ಮೊದಲ ರೈಲು ಓಡಿರುತ್ತದೆ. ಮಕ್ಕಳು ಬಾಯಿ ತೆರೆದು ಓದುತ್ತಿದ್ದರು.

“ಏನ್ ಮಾಡಾಕತ್ತೀರಿ? ಯಾರು ನೀವು?”

ಅವನು ತಿರುಗಿದ. ಕೈಯಲ್ಲಿ ಸೀಮೆಸುಣ್ಣದ ಪುಡಿ, ಮುಖದಲ್ಲಿ ಸಿಕ್ಕಿಬಿದ್ದ ಭಾವ. ಹೆಸರು ಕಾಂತೇಶ, ಸುರಪುರದವನು. ಅಂದೇ ವಿಜ್ಞಾನದ ಮೇಷ್ಟ್ರಾಗಿ ವರ್ಗವಾಗಿ ಬಂದಿದ್ದ. ಅವಳು ಜುಲೈ 20ರ ಕೆಳಗೆ ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ಬರೆದಿದ್ದಳು. ಅಮೆರಿಕದಲ್ಲಿ ಆ ತಾರೀಕೇ ಸರಿ, ಆದರೆ ನಮ್ಮ ಗಡಿಯಾರದಲ್ಲಿ ಆಗಲೇ ನಡುರಾತ್ರಿ ದಾಟಿ 21 ಆಗಿತ್ತು ಎಂದು ತಡವರಿಸುತ್ತ ವಿವರಿಸಿದ.

“ಖರೇ ಇರಬಹುದ್ರಿ. ಆದ್ರ ಕೇಳಿ ಅಳಿಸಬೇಕಾಗಿತ್ತು.”

“ಹೌದ್ರಿ... ಅದು ನಂದೇ ತಪ್ಪು,” ಎಂದ ಅವನು, ಯಾವ ಸಬೂಬೂ ಹೇಳದೆ.

ಅವಳಿಗೆ ಸಿಟ್ಟಿಗಿಂತ ಹೆಚ್ಚು ಕಿರಿಕಿರಿ ಮಾಡಿದ್ದು ಅದೇ. ಜಗಳ ಆಡೋಣವೆಂದರೆ ಎದುರಿಗೆ ಜಗಳಗಂಟನೇ ಇಲ್ಲ!

ಮರುದಿನ ಆ ಸಾಲನ್ನು 21ರ ಕೆಳಗೆ ಅವಳೇ ಬರೆದಳು. ಪಕ್ಕದಲ್ಲಿ ಒಂದು ಚಂದ್ರನನ್ನು ಬಿಡಿಸಲೇ ಎಂದು ಅವನು ಕೇಳಿದ. ಕೇಳಿಯೇ ಬಿಡಿಸಿದ. ಅಲ್ಲಿಂದ ಹಲಗೆ ಇಬ್ಬರದೂ ಆಯಿತು.

ಅವಳು ತನ್ನೂರು ಸಗರದಿಂದ ಶಹಾಪುರಕ್ಕೆ ಬಂದು ಬಸ್ಸು ಬದಲಿಸುತ್ತಿದ್ದಳು. ಅವನು ಶಹಾಪುರದಲ್ಲೇ ರೂಮು ಮಾಡಿದ್ದ. ದಿನವೂ ಒಂದೇ ಬಸ್ಸು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ ಹಿಂದೆ ಸರಿಯುವಷ್ಟರಲ್ಲಿ ಮಾತು ಶುರುವಾಗಿರುತ್ತಿತ್ತು. ಕೂಲಿ ಮಾಡುತ್ತಲೇ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತ ತನ್ನ ತಾಯಿಯ ಬಗ್ಗೆ ಅವನು ಹೇಳುತ್ತಿದ್ದ. ಮನೆಯಲ್ಲಿ ಬಾಬಾಸಾಹೇಬರ ಪಕ್ಕದಲ್ಲೇ, ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರ ಫೋಟೋ ಇದೆಯಂತೆ. ಅವನ ತಾಯಿ ದಿನವೂ ಆ ಫೋಟೋಕ್ಕೆ ಕೈಮುಗಿದೇ ಕೆಲಸಕ್ಕೆ ಹೋಗುತ್ತಿದ್ದಳಂತೆ.

ದಾನೇಶ್ವರಿ ಕೇಳುತ್ತಿದ್ದಳು. ತನ್ನ ಮನೆಯ ಕಥೆ ಮಾತ್ರ ಹೇಳುತ್ತಿರಲಿಲ್ಲ.

‘ಈ ಮನುಷ್ಯ ಪಕ್ಕದಾಗ ಕುಂತ್ರ ದಾರಿ ಯಾಕ ಇಷ್ಟು ಸಣ್ಣದಾಗ್ತದ?’ ಎಂದು ಮನಸ್ಸು ಕೇಳುತ್ತಿತ್ತು. ಉತ್ತರ ಗೊತ್ತಿದ್ದೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಹೀಗೆ ಡಿಸೆಂಬರ್ ಬಂತು.

ಜನವರಿ ಮೂರು ಸಾವಿತ್ರಿಬಾಯಿ ಹುಟ್ಟಿದ ದಿನ. ಮುಖ್ಯೋಪಾಧ್ಯಾಯಿನಿ ಶಿವಲೀಲಾ ಮೇಡಂ ಸ್ಟಾಫ್ ರೂಮಿನಲ್ಲಿ ಕಾರ್ಯಕ್ರಮದ ಮಾತೆತ್ತಿದರು. ಭಾಷಣ ದಾನೇಶ್ವರಿ ಟೀಚರೇ ಮಾಡಬೇಕು ಎಂದು ಕಾಂತೇಶ ಉತ್ಸಾಹದಿಂದ ಅಂದ.

ಅವಳ ಮುಖ ಬಿಳಿಚಿಕೊಂಡಿತು. ಅಂದು ತನಗೆ ರಜೆ ಬೇಕು, ಪ್ರತಿ ವರ್ಷವೂ ಅಂದು ತಾನು ರಜೆಯಲ್ಲಿರುತ್ತೇನೆ ಎಂದಳು. ಯಾಕೆಂದು ಕೇಳಿದರೆ ಹೇಳಲಿಲ್ಲ.

ಕಾಂತೇಶನ ಬಾಯಿಂದ ಮಾತು ಜಾರಿತು.

“ಆ ತಾಯಿ ಇರದಿದ್ರ ನೀವು ಇವತ್ತು ಈ ಕುರ್ಚಿ ಮ್ಯಾಲ ಕುಂಡ್ರುತ್ತಿದ್ದಿಲ್ಲ. ಆಕಿ ಹುಟ್ಟಿದ ದಿನಾನ ನಿಮಗ ರಜಾ ಬೇಕೇನ್ರಿ?”

ದಾನೇಶ್ವರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದಳು. ಆ ಸಂಜೆ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು, ಶಹಾಪುರದವರೆಗೂ ತಲೆ ಎತ್ತಲಿಲ್ಲ.

‘ಇಷ್ಟು ದಿನ ಜೋಡಿ ಕುಂತು ಮಾತಾಡಿದವ... ನನಗ ಉಪಕಾರ ಸ್ಮರಣೆ ಇಲ್ಲ ಅಂದಾನ!’

ಜನವರಿ ಮೂರರಂದು ಹಲಗೆಯನ್ನು ಕಾಂತೇಶ ಒಬ್ಬನೇ ಬರೆದ. ಸಾವಿತ್ರಿಬಾಯಿಯವರ ಜನನ. ಚಂದ್ರನ ಆಚೆಯ ಮಗ್ಗುಲಿಗೆ ಮೊದಲ ಬಾರಿ ನೌಕೆ ಇಳಿದದ್ದು. ಬರೆದು ಹಿಂದೆ ಸರಿದು ನಿಂತಾಗ, ತನ್ನ ಮಾತು ತನಗೇ ಚುಚ್ಚಿತು. ಕಾರಣ ಏನೇ ಇರಲಿ, ಹತ್ತು ಜನರೆದುರು ಹಾಗೆ ಅನ್ನಬಾರದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಹಂಚಿದ ಲಾಡುವಿನ ಪೊಟ್ಟಣ ಹಿಡಿದುಕೊಂಡು ಸಗರದ ಬಸ್ಸು ಹತ್ತಿದ. ಕ್ಷಮೆ ಕೇಳಿ ಬರುವುದಷ್ಟೇ ಅವನ ಯೋಚನೆ.

ವಿಚಾರಿಸಿಕೊಂಡು ಹೋದಾಗ ಅವಳ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಹೊರಗೆ ನಿಂತವನಿಗೆ ಒಳಗಿನ ಗೋಡೆ ಕಂಡಿತು. ಹೂಮಾಲೆ ಹಾಕಿದ ಒಂದು ಗಂಡಸಿನ ಫೋಟೋ, ಮುಂದೆ ಎಡೆ, ಉರಿಯುವ ದೀಪ. ದಾನೇಶ್ವರಿ ನೆಲದ ಮೇಲೆ ಕೂತಿದ್ದಳು.

ಅವನ ಕೈಯಲ್ಲಿದ್ದ ಸಿಹಿ ಭಾರವಾಯಿತು. ಹಿಂದೆ ತಿರುಗಬೇಕೆನ್ನುವಷ್ಟರಲ್ಲಿ ಅವಳ ತಾಯಿ ಲಾಲಮ್ಮ ಕಂಡು, ಬಾಗಿಲಿಗೆ ಬಂದವರು ಹಾಗೇ ಹೋಗಬಾರದು ಎಂದು ಒಳಗೆ ಕರೆದಳು. ಯಾರೂ ಕೇಳದೆಯೇ ಹೇಳಿದಳು.

ದಾನೇಶ್ವರಿ ಶಹಾಪುರದಲ್ಲಿ ಹತ್ತನೇ ತರಗತಿ ಓದುತ್ತಿದ್ದಾಗ ಇದೇ ದಿನ ಶಾಲೆಯಲ್ಲಿ ಮೊದಲ ಭಾಷಣ ಮಾಡುವವಳಿದ್ದಳು. ಅಪ್ಪ ಮಹಾದೇವಪ್ಪ ಕೇಳಲೆಂದು ಸೈಕಲ್ ಹತ್ತಿ ಹೊರಟಿದ್ದ. ದಾರಿಯಲ್ಲಿ ಲಾರಿ ಗುದ್ದಿತು. ಅವಳು ಮೈಕಿನ ಮುಂದೆ ನಿಂತಿದ್ದಾಗಲೇ ಯಾರೋ ಬಂದು ಹೆಡ್ ಮಾಸ್ತರರ ಕಿವಿಯಲ್ಲಿ ಹೇಳಿದರು. ಅಂದಿನಿಂದ ಅವಳು ಯಾವ ವೇದಿಕೆಯನ್ನೂ ಹತ್ತಿರಲಿಲ್ಲ.

“ನಾ ಕರೀದಿದ್ರ ಅಪ್ಪ ಹೋಗ್ತಿದ್ದಿಲ್ಲ,” ಎಂದಳು ದಾನೇಶ್ವರಿ, ನೆಲ ನೋಡುತ್ತಲೇ. ಇಷ್ಟು ವರ್ಷ ಒಳಗೇ ಹೂತಿಟ್ಟುಕೊಂಡಿದ್ದ ಮಾತು... ಬೇರೆಯವನೊಬ್ಬನ ಎದುರು ಹೊರಗೆ ಬಂತು.

ಲಾಲಮ್ಮ ಮಗಳ ಪಕ್ಕ ಕೂತಳು.

“ಹುಚ್ಚಿ... ಇದನ್ನ ಇಟ್ಕೊಂಡು ಬೇಯಾಕತ್ತಿದ್ದೇನ? ಅವತ್ತು ಹತ್ತಿ ಬಿಡಸೋದಿತ್ತು. ನಾನೇ ಹೋಗೋದು ಬ್ಯಾಡಂದೆ. ‘ನಮ್ಮ ಮನಿತನದಾಗ ಮೈಕ್ ಹಿಡಿಯೋ ಮೊದಲ್ನೇದಾಕಿ ನನ್ನ ಮಗಳು, ನಾ ಕೇಳದ ಮತ್ಯಾರು ಕೇಳ್ಬೇಕು’ ಅಂದ ನಿಮ್ಮಪ್ಪ. ಎದುರಿಗೆ ಬಂದವರಿಗೆಲ್ಲ ಹೇಳ್ಕೋತ, ನಕ್ಕೋತ ಹೋದ. ಕೊಂದಿದ್ದು ಲಾರಿಯವ, ನೀ ಅಲ್ಲ. ನೀ ಕೊಟ್ಟಿದ್ದು ಆ ನಗು. ಅಷ್ಟು ಖುಷಿ ನಾನೂ ಅವಗ ಕೊಟ್ಟಿದ್ದಿಲ್ಲವ್ವ.”

ದಾನೇಶ್ವರಿ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಪ್ರತಿ ವರ್ಷ ಅಳುತ್ತಿದ್ದ ಹಾಗಲ್ಲ, ಎದೆ ಹಗುರಾಗುವ ಹಾಗೆ.

ಲಾಲಮ್ಮ ಬಡಿಸಿದ್ದನ್ನು ಉಂಡು ಕಾಂತೇಶ ಎದ್ದ. “ಟೀಚರ್, ನಾ ಅಂದ ಮಾತು...” ಎಂದು ಕೈಮುಗಿದ. ಕ್ಷಮೆ ಕೇಳುವುದು ಬೇಡವೆಂಬಂತೆ ಅವಳು ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆಯನ್ನು ಅವನು ತಪ್ಪು ತಿಳಿದ. ಇನ್ನೆಂದೂ ಆ ಮಾತು ಎತ್ತಬೇಡಿ, ದೂರ ಇರಿ ಎಂದಳೆಂದುಕೊಂಡ. ಮೊದಲ ಬಸ್ಸಿಗೇ ಹೋಗತೊಡಗಿದ. ಸ್ಟಾಫ್ ರೂಮಿನಲ್ಲಿ ಕೆಲಸದ ಮಾತಷ್ಟೇ. ಅವಳೋ, ‘ನನ್ನ ಕಥಿ ಕೇಳಿ ಪಾಪ ಅಂದ್ಕೊಂಡಾನ... ಪಾಪ ಅನ್ನೋದು ಬ್ಯಾರೆ, ಪ್ರೀತಿ ಬ್ಯಾರೆ’ ಎಂದುಕೊಂಡು ಸುಮ್ಮನಾದಳು. ಮಳೆಗಾಲ ಹೋಯಿತು, ಹತ್ತಿ ಬಿರಿಯಿತು. ಅವನು ಸುರಪುರಕ್ಕೆ ವರ್ಗ ಕೇಳಿದ್ದಾನೆಂದು ಶಿವಲೀಲಾ ಮೇಡಂ ಹೇಳಿದ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನವೇ ಮೇಡಂ ಬಳಿ ಹೋಗಿ, ಜನವರಿ ಮೂರರ ಭಾಷಣ ತನಗೇ ಬಿಡಿ ಎಂದಳು.

ಆ ದಿನ ಲಾಲಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ದಾನೇಶ್ವರಿ ಮೈಕ್ ಹಿಡಿದಳು. ಸಗಣಿ ಎರಚಿದವರ ನಡುವೆಯೇ ನಡೆದುಹೋಗಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ತಾಯಿ ಸಾವಿತ್ರಿಬಾಯಿಯ ಬಗ್ಗೆ ಹೇಳಿದಳು. ಆಮೇಲೆ, ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ಸಂಗತಿ ಇದೇ ತಾರೀಕಿಗೆ ಸೇರಿದೆ ಎಂದಳು. ಮಗಳ ಮಾತು ಕೇಳಲು ಹೊರಟ ಒಬ್ಬ ಕೂಲಿಕಾರನ ಹೆಸರು ಹೇಳಿದಳು. ಆ ತಾಯಿ ಶಾಲೆಯ ಬಾಗಿಲು ತೆರೆದಳು, ಈ ಅಪ್ಪ ಅಲ್ಲಿಯವರೆಗೆ ನನ್ನ ಕೈಹಿಡಿದು ಕರೆತಂದ, ಇಬ್ಬರಿಗೂ ನಾನು ಋಣಿ ಎಂದಳು. ಲಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಹಿಂದಿನ ಸಾಲಿನಲ್ಲಿ ಕಾಂತೇಶ ತಲೆತಗ್ಗಿಸಿ ಕೂತಿದ್ದ.

ಮಕ್ಕಳೆಲ್ಲ ಹೋದ ಮೇಲೆ ಬೇವಿನ ಮರದ ಕೆಳಗೆ ಅವನನ್ನು ಅವಳೇ ತಡೆದು, ವರ್ಗ ಯಾಕೆ ಕೇಳಿದಿರಿ ಎಂದಳು.

“ನನ್ನ ಮಾರಿ ನೋಡಿದಾಗೆಲ್ಲ ನಿಮಗ ಆ ಮಾತು ನೆನಪಾಗಬಾರದಂತ...”

“ನೆನಪಾಗ್ತದ. ಆದ್ರ ನೀವು ಅವತ್ತು ಬಾಗಿಲಿಗೆ ಬರದಿದ್ರ ಅವ್ವ ಬಾಯಿ ಬಿಡ್ತಿದ್ದಿಲ್ಲ. ನನ್ನ ಅಪ್ಪ ನಕ್ಕೋತ ಹೋದ ಅನ್ನೋದು ನನಗ ಯಾವತ್ತೂ ಗೊತ್ತಾಗ್ತಿದ್ದಿಲ್ಲ. ಅದಕ್ಕ ನಿಮಗ ಹೆಂಗ ಥ್ಯಾಂಕ್ಸ್ ಹೇಳ್ಬೇಕೋ ತಿಳೀದ ಒಂದು ವರ್ಷ ಕಾದೀನಿ.” ಅವಳ ಸ್ವರ ಸಣ್ಣದಾಯಿತು. “ವರ್ಗ ಬ್ಯಾಡ ಅನ್ರಿ. ನನಗ ನೀವು ಬೇಕು.”

ಅವನ ಕಣ್ಣು ತುಂಬಿತು.

“ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ತೀನ್ರಿ,” ಎಂದ. “ಮದುವಿಗೆ ಒಂದು ತಾರೀಕು ನೀವೇ ಹುಡುಕ್ರಿ. ಅವತ್ತು ಹಿಂದ ಯಾವ ದುಃಖಾನೂ ಆಗಿರಬಾರದು, ಅಂಥಾದ್ದು.”

ದಾನೇಶ್ವರಿ ನಕ್ಕಳು.

“ಅಂಥಾ ತಾರೀಕು ಒಂದೂ ಇಲ್ಲರಿ.”

“ಹಂಗಾದ್ರ?”

“ಯಾವುದಾದ್ರೂ ನಡೀತದ. ಎಲ್ಲಾರ ಜೋಡಿ ನಮಗೂ ಅದರಾಗ ಒಂಚೂರು ಜಾಗ ಇರ್ತದ,” ಎಂದು ಅವಳು ಅವನ ಕೈ ಹಿಡಿದುಕೊಂಡಳು.