ಬಿಚ್ಚದೆ ಬಿಟ್ಟ ಜಡೆ

“ಆ ಸೀಟಿ ಊದೋದು ನಿಲ್ಲಿಸ್ತೀರಾ? ಇದೇನು ಡ್ರಿಲ್ಲಾ?”

ಹೊಂಬಾಳಮ್ಮ ನನ್ನ ಜೊತೆ ಆಡಿದ ಮೊದಲ ಮಾತು ಇದು. ನಾನು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟೆ. ಉಸಿರು ಬಿಟ್ಟರೆ ಅದು ಮತ್ತೆ ಕೂಗೀತೆಂದು ಉಸಿರನ್ನೂ ಹಿಡಿದುಕೊಂಡಿದ್ದೆ.

ಅದು ಎಂಬತ್ಮೂರನೇ ಇಸವಿ. ನಾನು ಸಿದ್ದಗಂಗಯ್ಯ, ತುಮಕೂರಿನವನು, ಕುಣಿಗಲ್ಲಿನಲ್ಲಿ ಹೈಸ್ಕೂಲ್ ಡ್ರಿಲ್ ಮೇಷ್ಟ್ರು. ಜಿಲ್ಲೆಯ ಶಿಕ್ಷಕರ ಸ್ಪರ್ಧೆಗೆ ನಮ್ಮ ತಾಲ್ಲೂಕಿನಿಂದ ಜಡೆ ಕೋಲಾಟದ ತಂಡ ಹೋಗಬೇಕೆಂದು ನಮ್ಮ ಶಿಕ್ಷಣಾಧಿಕಾರಿ ಸಾಹೇಬರು ಆರ್ಡರ್ ಮಾಡಿದ್ದರು. ನಾಲ್ಕು ಜನ ಮೇಷ್ಟ್ರು, ನಾಲ್ಕು ಜನ ಟೀಚರು. ತಂಡವನ್ನು ತಯಾರು ಮಾಡುವ ಜವಾಬ್ದಾರಿ ನನಗೆ ಬಿತ್ತು. ಕೋಲಾಟ ಮಾತ್ರ ನಮ್ಮ ಪೈಕಿ ಸರಿಯಾಗಿ ಗೊತ್ತಿದ್ದದ್ದು ಹೊಂಬಾಳಮ್ಮ ಒಬ್ಬಳಿಗೆ. ಅವಳು ಮಾರ್ಕೋನಹಳ್ಳಿ ಕಡೆಯ ಪ್ರೈಮರಿ ಸ್ಕೂಲಿನ ಟೀಚರ್. ಅವಳ ಅಪ್ಪ ದೊಡ್ಡರಂಗಯ್ಯ ಆ ಸುತ್ತಿಗೆಲ್ಲ ಕೋಲಾಟ ಕಲಿಸಿದವರು.

ನಮ್ಮ ಮೈದಾನದ ಮೂಲೆಯಲ್ಲಿ ಒಂದು ಬೇವಿನ ಮರವಿತ್ತು. ಅದರ ಕೊಂಬೆಗೆ ಕಬ್ಬಿಣದ ಬಳೆ ಕಟ್ಟಿ, ಬಳೆಗೆ ಎಂಟು ಬಣ್ಣದ ಹಗ್ಗ ಇಳಿಬಿಟ್ಟಿದ್ದೆವು. ಎಡಗೈಯಲ್ಲಿ ಹಗ್ಗದ ತುದಿ, ಬಲಗೈಯಲ್ಲಿ ಕೋಲು. ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ. ಒಬ್ಬರ ಒಳಗಿಂದ, ಇನ್ನೊಬ್ಬರ ಹೊರಗಿಂದ ಹಾಯುತ್ತಾ, ಎದುರಾದವರ ಕೋಲಿಗೆ ಕೋಲು ಕೊಡುತ್ತಾ ಹೋದರೆ ಮೇಲೆ ಹಗ್ಗಗಳು ಜಡೆಯ ಹಾಗೆ ಹೆಣೆದುಕೊಳ್ಳುತ್ತವೆ. ಆಮೇಲೆ ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ಬಂದರೆ ಜಡೆ ಬಿಚ್ಚಿಕೊಳ್ಳುತ್ತದೆ.

ನನ್ನದು ಕೆಂಪು ಹಗ್ಗ, ಅವಳದು ಹಸಿರು. ನಾನು ಬಲಕ್ಕೆ, ಅವಳು ಎಡಕ್ಕೆ. ಒಂದು ಸುತ್ತಿಗೆ ಎರಡೇ ಸಲ ಎದುರಾಗುತ್ತಿದ್ದೆವು.

ಮೊದಲ ವಾರ ಪೂರ್ತಿ ಜಗಳದಲ್ಲೇ ಕಳೆಯಿತು. ನಾನು ಒನ್, ಟೂ, ತ್ರೀ, ಫೋರ್ ಎನ್ನುತ್ತಿದ್ದೆ. ಅವಳು ಪದ ಶುರು ಮಾಡಿ ಎಂದು ಚೆನ್ನಮ್ಮ ಟೀಚರಿಗೆ ಹೇಳುತ್ತಿದ್ದಳು. ಚೆನ್ನಮ್ಮ ಟೀಚರ್ ನಮಗಿಂತ ಹಿರಿಯರು, ತಂಡಕ್ಕೆ ತಾಳ ಹಾಕಿ ಹಾಡುವವರು. ಅವರು ಇಬ್ಬರ ಮುಖವನ್ನೂ ನೋಡಿ, “ಮೊದ್ಲು ನೀವಿಬ್ರೂ ಆಡಿ ಮುಗ್ಸಿ, ಆಮೇಲೆ ನಾನು ಹಾಡ್ತೀನಿ” ಎಂದು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಪಕ್ಕದ ಕುದುರೆ ಫಾರಂನ ಬೇಲಿಯಾಚೆ ಎರಡು ಕುದುರೆಗಳು ಕೋಲಿನ ಸದ್ದಿಗೆ ದಿನಾ ಬಂದು ನಿಲ್ಲುತ್ತಿದ್ದವು. ನಮ್ಮ ತಂಡದಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು ಅವೇ.

“ಸ್ವಲ್ಪ ನಗ್ತಾ ಆಡ್ಬೇಕು ಟೀಚರ್,” ಎಂದೆ ಒಂದು ದಿನ. “ಈಗೆಲ್ಲ ಎಕ್ಸ್‌ಪ್ರೆಷನ್‌ಗೂ ಮಾರ್ಕ್ಸ್ ಇರ್ತದೆ. ಎದುರಿಗಿರೋರ ಮುಖ ನೋಡ್ಬೇಕು.”

“ನಮ್ಮಪ್ಪ ಕಲ್ಸಿರೋದು ಕಣ್ಣು ಕೋಲಿನ ತುದೀಲಿರ್ಬೇಕು ಅಂತ.”

“ಅದು ಹಳೇ ಕಾಲದ್ದು.”

“ಸರಿ, ನೀವು ಹೊಸ ಕಾಲದೋರು, ಮುಖ ನೋಡ್ಕೊಂಡೇ ಆಡಿ. ನೋಡೋಣ.”

ನೋಡಿದೆ. ಕಿವಿಯ ಹತ್ತಿರ ಬೆವರಿಗೆ ಅಂಟಿದ ಒಂದೆಳೆ ಕೂದಲು, ತುಟಿಯ ಮೂಲೆಯಲ್ಲಿ ಬಲವಂತವಾಗಿ ತಡೆದು ಹಿಡಿದ ನಗು. ಅಷ್ಟರಲ್ಲಿ ಅವಳ ಕೋಲು ನನ್ನ ಬೆರಳ ಗೆಣ್ಣಿನ ಮೇಲೆ ಠಕ್ಕೆಂದಿತು. ನಾನು ಕೋಲು ಬಿಟ್ಟು ಕೈ ಒದರಿದೆ.

“ಮಾರ್ಕ್ಸ್ ಬಂತಾ ಡ್ರಿಲ್ ಸಾರ್?” ಎಂದಳು.

ಬೆರಳು ಮೂರು ದಿನ ಊದಿಕೊಂಡಿತ್ತು. ನಾನು ಅದಕ್ಕೆ ಔಷಧಿ ಹಚ್ಚಲಿಲ್ಲ. ಇಪ್ಪತ್ತೆಂಟು ವರ್ಷದ ಗಂಡಸು ಬೀಡಿ ಸೇದುವ ನೆಪದಲ್ಲಿ ಕೆರೆ ಏರಿಯ ಮೇಲೆ ಕೂತು ಊದಿದ ಬೆರಳನ್ನು ನೋಡಿಕೊಳ್ಳುತ್ತಿದ್ದೆ. ಆಗಲೇ ನನ್ನ ಕಥೆ ಮುಗಿದಿತ್ತು. ಅದು ಕುದುರೆಗಳಿಗೂ ಗೊತ್ತಿತ್ತೆಂದು ಕಾಣುತ್ತದೆ, ಹೇಳುವ ಧೈರ್ಯ ಮಾತ್ರ ನನಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಜಡೆ ಬಿಚ್ಚುವುದರ ಬಗ್ಗೆ. ಸ್ಪರ್ಧೆಯಲ್ಲಿ ಕೊಡುವುದು ಏಳೇ ನಿಮಿಷ. ಹೆಣೆದು ನಿಲ್ಲಿಸಿಬಿಡೋಣ, ಜಡೆ ಚೆಂದ ಕಾಣುತ್ತದೆ, ಚಪ್ಪಾಳೆ ಬೀಳುತ್ತದೆ ಎನ್ನುವುದು ನನ್ನ ವಾದ. ಬೇರೆ ತಾಲ್ಲೂಕಿನವರೆಲ್ಲ ಈಗ ಹಾಗೇ ಮಾಡುತ್ತಿದ್ದರು.

“ಹೆಣೆದಿದ್ದನ್ನ ಬಿಚ್ಚದೆ ಹೋಗ್ಬಾರ್ದು ಸಾರ್,” ಎಂದಳು. “ಹೆಣೆಯೋದು ಯಾರು ಬೇಕಾದ್ರೂ ಮಾಡ್ತಾರೆ. ಒಂದ್ ಹೆಜ್ಜೆ ತಪ್ಪದಂಗೆ ವಾಪಸ್ ಬರೋದ್ರಲ್ಲೇ ಇರೋದು ಕೋಲಾಟ. ಕೊನೇಗೆ ಎಲ್ರ ಹಗ್ಗಾನೂ ಬಿಡಿಬಿಡಿ ಆಗಿ ಅವರವರ ಕೈಗೆ ಬರ್ಬೇಕು.”

“ಕಷ್ಟಪಟ್ಟು ಹೆಣೆದು ಆಮೇಲೆ ಏನೂ ಇಲ್ಲ ಅಂತ ಮನೇಗ್ ಹೋಗೋದಾ?”

“ಹ್ಞೂಂ. ಹಂಗೇ.”

ಅವಳು ಆರು ಗಂಟೆಯ ಮಾರ್ಕೋನಹಳ್ಳಿ ಬಸ್ಸಿಗೆ ಓಡಿದಳು. ನಾನು ಹಗ್ಗ ಸುತ್ತುತ್ತಿದ್ದೆ. ಚೆನ್ನಮ್ಮ ಟೀಚರ್ ತಾಳವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳಿದರು: “ಅವಳ್ ಹೇಳ್ದಂಗೇ ಆಡ್ಬಿಡಿ ಮೇಷ್ಟ್ರೇ. ಪಾಪ, ನಮ್ಮೂರ್ ಕಡೆ ಅವಳ್ದು ಇದೇ ಕೊನೇ ಕೋಲಾಟ. ಮದ್ವೆ ಗೊತ್ತಾಗಿದೆ. ಹುಡ್ಗ ಗುಬ್ಬಿ ಬೆಟ್ಟಯ್ಯನೋರ ಮಗ, ತುಮಕೂರಿನ ವಾಚ್ ಫ್ಯಾಕ್ಟರೀಲಿ ಕೆಲ್ಸ. ಸ್ಪರ್ಧೆ ಮುಗಿದ ಮುಂದಿನ್ ಬುಧವಾರ ವೀಳ್ಯದ ಶಾಸ್ತ್ರ. ಆಮೇಲೆ ತುಮಕೂರಿಗೆ ಟ್ರಾನ್ಸ್‌ಫರ್ ತಗೋತಾಳಂತೆ.”

“ಹೌದಾ? ಒಳ್ಳೇದಾಯ್ತು,” ಎಂದೆ. ನನ್ನ ಬಾಯಿಗೆ ಬೆಂಕಿ ಬೀಳ.

ಮಾರನೇ ದಿನ ನಾನೇ ಹೋಗಿ ಹೇಳಿದೆ. “ನಿಮ್ ಮಾತೇ ಆಗ್ಲಿ ಟೀಚರ್. ಹನ್ನೆರಡು ಸುತ್ತು ಹೆಣೆಯೋಣ, ಹನ್ನೆರಡು ಸುತ್ತು ಬಿಚ್ಚೋಣ. ಸ್ವಲ್ಪ ಸ್ಪೀಡಾಗಿ ಆಡಿದ್ರೆ ಏಳು ನಿಮಿಷಕ್ಕೆ ಆಗ್ತದೆ.”

ಅವಳು ಕೋಲು ಒರೆಸುತ್ತಿದ್ದವಳು ತಲೆಯೆತ್ತಿದಳು. ಜಗಳ ಗೆದ್ದವರ ಮುಖ ಹಾಗಿರುವುದಿಲ್ಲ.

“ಇಷ್ಟ್ ಬೇಗ ಒಪ್ಕೊಂಡ್‌ಬಿಟ್ರಾ?”

“ನೀವ್ ಹೇಳಿದ್ದು ಸರಿ ಅನ್ನಿಸ್ತು.”

“ಹೊಸ ಕಾಲದೋರು ಅಂದ್ಕೊಂಡಿದ್ದೆ,” ಎಂದು ಕೋಲನ್ನು ಇನ್ನೂ ಜೋರಾಗಿ ಒರೆಸತೊಡಗಿದಳು.

ಆ ಹೊತ್ತಿನಲ್ಲೇ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ಹುಡುಗನನ್ನು ಒಪ್ಪಿದ್ದಾರೆ, ದಿನ ಗೊತ್ತಾಗಿದೆ, ಅವರಪ್ಪ ಮಾತು ಕೊಟ್ಟಿದ್ದಾರೆ. ಇವಳಿಗೆ ನನ್ನ ಮೇಲೆ ಇರುವುದು ಬರೀ ಸಿಟ್ಟೋ ಏನೋ. ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡು, “ಶುರು ಮಾಡೋಣ್ವಾ?” ಎಂದೆ. ಉಳಿದ ಒಂಬತ್ತು ದಿನವೂ ದಿನಕ್ಕೆ ಮೂರು ಸಲ ನಾವು ಹೆಣೆದು, ಮೂರು ಸಲ ಬಿಚ್ಚಿದೆವು. ಬಿಚ್ಚುವಾಗ ಪ್ರತಿ ಸುತ್ತಿಗೂ ಅವಳು ಎರಡೆರಡು ಸಲ ಎದುರು ಬಂದು, ಕಣ್ಣನ್ನು ಕೋಲಿನ ತುದಿಯಲ್ಲಿ ಇಟ್ಟುಕೊಂಡೇ ಹಾದುಹೋಗುತ್ತಿದ್ದಳು. ನನ್ನ ಕೈಲಿ ಏನೂ ಆಗುತ್ತಿರಲಿಲ್ಲ.

ತುಮಕೂರಿನ ಸ್ಪರ್ಧೆ ಶುಕ್ರವಾರ ಮಧ್ಯಾಹ್ನ. ಸ್ಟೇಜಿನ ಮೇಲೆ ಅಡ್ಡ ಕಟ್ಟಿದ್ದ ಬಿದಿರಿನ ಗಳಕ್ಕೆ ಬಳೆ ಕಟ್ಟಿದೆವು. ಚೆನ್ನಮ್ಮ ಟೀಚರ್ ಪದ ಎತ್ತಿದರು. ನಮ್ಮ ತಂಡ ಅಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಜಡೆ ತೋಳಿನಷ್ಟು ದಪ್ಪವಾಗಿ ಇಳಿದಿತ್ತು. ಚೆನ್ನಮ್ಮ ಟೀಚರ್ ಬಿಚ್ಚುವ ಪದಕ್ಕೆ ಹೊರಳಿದರು. ಹೊಂಬಾಳಮ್ಮ ಮುಂದಾಳು. ಅವಳು ತಿರುಗಿದರೆ ಮಿಕ್ಕವರು ತಿರುಗಬೇಕು.

ಅವಳು ತಿರುಗಲಿಲ್ಲ.

ನನ್ನ ಎದುರಿಗೆ ನಿಂತಿದ್ದಳು. ಕೋಲಿನ ತುದಿಯಿಂದ ಕಣ್ಣೆತ್ತಿ, ಮೊದಲ ಸಲ, ನನ್ನ ಮುಖ ನೋಡಿದಳು. ನೋಡುತ್ತಲೇ ಹಸಿರು ಹಗ್ಗ ಹಿಡಿದು ನನ್ನನ್ನು ಒಂದು ಸುತ್ತು ಬಂದಳು. ಹಾಗೊಂದು ಹೆಜ್ಜೆ ನಮ್ಮ ಆಟದಲ್ಲಿ ಇರಲೇ ಇಲ್ಲ. ಬಂದವಳು ಮತ್ತೆ ಎದುರಿಗೆ ನಿಂತು ಕೋಲು ನೀಡಿದಳು. ನಾನು ಅವಳ ಕೋಲಿಗೆ ಕೋಲು ಕೊಟ್ಟೆ. ಮಿಕ್ಕ ಆರು ಜನ ಎಲ್ಲಿದ್ದರೋ ಅಲ್ಲೇ ನಿಂತರು. ಜನ ಅದನ್ನೇ ಮುಕ್ತಾಯವೆಂದುಕೊಂಡು ಚಪ್ಪಾಳೆ ಹೊಡೆದರು.

ನಮಗೆ ಎರಡನೇ ಬಹುಮಾನ ಬಂತು. “ಮಾಡರ್ನ್ ಸ್ಟೈಲು! ಎಲ್ಲ ನಮ್ ಡ್ರಿಲ್ ಮೇಷ್ಟ್ರ ಐಡಿಯಾ,” ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು.

ಸ್ಟೇಜಿನ ಹಿಂದೆ ಅವಳು ಕೆಳಗಿಳಿಸಿದ ಜಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ತನ್ನ ಕೂದಲಿನ ಕರೀ ಟೇಪು ಬಿಚ್ಚಿ, ಎಂಟು ಹಗ್ಗದ ತುದಿಗಳನ್ನೂ ಸೇರಿಸಿ ಗಂಟು ಹಾಕುತ್ತಿದ್ದಳು.

“ಹೆಜ್ಜೆ ಮರ್ತೋಯ್ತಾ ಟೀಚರ್?”

“ಮರ್ತಿಲ್ಲ. ಕಾಲು ತಿರುಗ್ಲಿಲ್ಲ.” ತಲೆ ಎತ್ತಲೇ ಇಲ್ಲ. “ಜಡೆ ಹಿಂಗೇ ಬಿಡಂಗಿಲ್ಲ ಸಾರ್. ಬುಧವಾರಕ್ಕೆ ಮುಂಚೆ ಬಿಚ್ಬೇಕು. ಭಾನುವಾರ ನಮ್ಮೂರಿಗೆ ತಗೊಂಡು ಬನ್ನಿ. ಅಪ್ಪ ಬಿಚ್ಚಿಕೊಡ್ತಾರೆ.”

ಈಗಲಾದರೂ ಮಾತಾಡಬೇಕಿತ್ತು. ನಾನು ಕೇಳಿದ್ದು: “ಎಷ್ಟ್ ಗಂಟೆಗಿದೆ ಬಸ್ಸು?”

ಅವಳು ನನ್ನನ್ನು ಒಂದು ಕ್ಷಣ ನೋಡಿ, “ಒಂಬತ್ತಕ್ಕೆ,” ಎಂದು ಎದ್ದುಹೋದಳು.

ಭಾನುವಾರ ಒಂಬತ್ತರ ಬಸ್ಸಿನಲ್ಲಿ ಜಡೆಯನ್ನು ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಮಾರ್ಕೋನಹಳ್ಳಿ ಡ್ಯಾಮಿನ ನೀರು ಕುಡಿದ ಗದ್ದೆಗಳು ಹಸಿರಾಗಿದ್ದವು. ನನಗೆ ಹಸಿರು ನೋಡುವುದೇ ಬೇಡವಾಗಿತ್ತು.

ದೊಡ್ಡರಂಗಯ್ಯನವರು ಜಗುಲಿಯ ಮೇಲೆ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು, ಆಳು ಬಂದರೆ ನೆರಳು ಬಂದಷ್ಟೇ ಅವರಿಗೆ ಕಾಣುತ್ತಿತ್ತು.

“ಬನ್ನಿ ಮೇಷ್ಟ್ರೇ, ಕುಂತ್ಕಳಿ. ಎಲ್ಲಿ, ಕೊಡಿ ಇತ್ಲಾಗೆ.”

ಜಡೆಯನ್ನು ಮಡಿಲಿಗೆ ಹಾಕಿಕೊಂಡು ಮೇಲಿನಿಂದ ಬೆರಳಾಡಿಸುತ್ತಾ ಬಂದರು. ಹನ್ನೆರಡು ಸುತ್ತನ್ನೂ ಬಾಯಲ್ಲಿ ಎಣಿಸಿದರು. “ಬಿಗಿ ಚೆಂದಾಗೈತೆ. ಎಲ್ಲೂ ತಪ್ಪಿಲ್ಲ.” ತುದಿಗೆ ಬಂದು ಟೇಪನ್ನು ಮುಟ್ಟಿದರು. ಅದು ಯಾರದೆಂದು ಕೇಳಲಿಲ್ಲ. ಮೆಲ್ಲಗೆ ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಅವರ ಬೆರಳು ನಿಂತಿತು.

“ಇದೇನಿದು? ಎರಡು ಹಗ್ಗ ಒಂದಕ್ಕೊಂದು ಸುತ್ಕಂಡವೆ. ಇದು ನಾನ್ ಕಲ್ಸಿದ್ದಲ್ಲ. ಈ ಕಡೇದು ಯಾವ್ ಬಣ್ಣ ಮೇಷ್ಟ್ರೇ?”

“ಕೆಂಪು.”

“ಯಾರ್ದು?”

“ನಂದು.”

“ಇದು?”

ನಾನು ಒಳಮನೆಯ ಕಡೆ ನೋಡಿದೆ. ಬಾಗಿಲ ಹಿಂದಿನಿಂದ ಉತ್ತರ ಬಂತು. “ಹಸಿರು ಕಣಪ್ಪ. ನಂದು.”

ದೊಡ್ಡರಂಗಯ್ಯನವರು ಎರಡೂ ಹಗ್ಗವನ್ನು ಬೆರಳಿನಿಂದ ಮತ್ತೊಮ್ಮೆ ತಡವಿದರು. ಎದುರು ಮನೆಯ ಹೆಂಗಸು ಹಿಟ್ಟಿಗೆ ಎಸರಿಟ್ಟಿದ್ದಳು, ಹೊಗೆ ಜಗುಲಿಯ ತನಕ ಬರುತ್ತಿತ್ತು.

“ಬಿಚ್ಚೋದು ತುದಿಯಿಂದ,” ಎಂದರು ಕಡೆಗೆ. “ಈ ಸುತ್ತು ಬಿಚ್ಚದೆ ಮಿಕ್ಕಿದ್ದು ಒಂದೂ ಬಿಚ್ಚಕ್ಕಾಗಲ್ಲ. ಹಾಕ್ದೋರೇ ಬಿಚ್ಚಿ. ಹೊಂಬಾಳೆ, ಬಾ ಇಲ್ಲಿ. ಬಿಚ್ಚು.”

ಅವಳು ಬಂದು ಅಪ್ಪನ ಮುಂದೆ ಕೂತಳು. ಹಸಿರು ಹಗ್ಗದ ತುದಿಯನ್ನು ಕೈಗೆ ತೆಗೆದುಕೊಂಡಳು. ಎಷ್ಟೋ ಹೊತ್ತು ಹಿಡಿದುಕೊಂಡೇ ಇದ್ದಳು. ಕಣ್ಣಲ್ಲಿ ನೀರು ತುಂಬಿ ಹಗ್ಗದ ಮೇಲೆ ಬಿತ್ತು.

“ನನ್ ಕೈಲಾಗಲ್ಲ ಕಣಪ್ಪ.”

“ಮೇಷ್ಟ್ರೇ, ನೀವು?”

ಸ್ಟೇಜಿನ ಹಿಂದೆ ಇದೇ ಬಾಯಿ ಬಸ್ಸಿನ ಟೈಮ್ ಕೇಳಿತ್ತು. ಕೆಂಪು ಹಗ್ಗದ ತುದಿ ನನ್ನ ಮುಂದೆಯೇ ಇತ್ತು. ಒಂದೇ ಒಂದು ಸುತ್ತು, ಎಳೆದರೆ ಬಂದುಬಿಡುತ್ತಿತ್ತು. ನಾನು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ.

“ನನ್ ಕೈಲೂ ಆಗಲ್ಲ. ಇವರನ್ನ ಬಿಟ್ಟಿರೋಕೆ ಆಗಲ್ಲ. ಮೊದಲನೇ ದಿನದಿಂದ್ಲೂ ಆಗ್ತಿಲ್ಲ. ಹೇಳೋಕೆ ಧೈರ್ಯ ಇರ್ಲಿಲ್ಲ, ಕ್ಷಮಿಸ್ಬೇಕು.”

ಅವಳು ಮುಖ ಮುಚ್ಚಿಕೊಂಡಳು. ದೊಡ್ಡರಂಗಯ್ಯನವರು ತಾವೇ ಆ ಸುತ್ತಿಗೆ ಬೆರಳು ಹಾಕಿದರು. ಬೆರಳು ಹಾಗೇ ಸ್ವಲ್ಪ ಹೊತ್ತು ಇದ್ದು ಹಿಂದಕ್ಕೆ ಬಂತು.

“ಬುಡು. ನನ್ ಕೈಲೂ ಆಗಲ್ಲ,” ಎಂದರು. “ಮಾತು ಕೊಟ್ಟೋನು ನಾನು. ವೀಳ್ಯ ಇನ್ನೂ ಬದ್ಲಾಯ್ಸಿಲ್ಲ, ಅಷ್ಟೇ ಪುಣ್ಯ. ನನ್ ತಮ್ಮ ಚಿಕ್ಕಮಾರಯ್ಯನ ಕೈ ಹಿಡ್ಕಂಡು ನಾಳೆ ನಾನೇ ಗುಬ್ಬಿಗೆ ಹೋಗ್ತೀನಿ. ಬೆಟ್ಟಯ್ಯ ಬಾಯಿಗ್ ಬಂದಂಗೆ ಬಯ್ತಾನೆ. ಬಯ್ಲಿ. ತೆಪ್ಪಗೆ ಕೇಳಿಸ್ಕಂಡು ಬತ್ತೀನಿ.”

“ಅಪ್ಪಾ...”

“ಅಳ್ಬೇಡ ಕಣೇ. ಬುಧವಾರಕ್ಕೆ ಅಂತ ನೆಂಟ್ರಿಗೆಲ್ಲ ಹೇಳಾಗೈತೆ. ಮೇಷ್ಟ್ರೇ, ನಿಮ್ಮ ತಂದೆ ತಾಯೀನ ಬುಧವಾರ ಕರ್ಕಂಡ್ ಬರಕ್ಕೆ ಆಯ್ತದಾ?”

“ಆಗ್ತದೆ,” ಎಂದೆ. ಧ್ವನಿ ಎಷ್ಟು ಜೋರಾಗಿ ಬಂತೆಂದರೆ ಎದುರು ಮನೆಯ ಹೆಂಗಸು ಹೊರಗೆ ಬಂದು ನೋಡಿದಳು.

ದೊಡ್ಡರಂಗಯ್ಯನವರು ತಡಕಾಡಿ ಟೇಪು ಹುಡುಕಿ ಮಗಳಿಗೆ ಕೊಟ್ಟರು. ಅವಳು ತುದಿಯನ್ನು ಮತ್ತೆ ಬಿಗಿಯಾಗಿ ಕಟ್ಟಿ, ಜಡೆಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು.

ಬಸ್ಸಿಗೆ ಹೊರಟವನನ್ನು ಬೀದಿಯ ತನಕ ಕಳಿಸಲು ಬಂದಳು. ಕಣ್ಣು ಇನ್ನೂ ಕೆಂಪಗಿತ್ತು. ತುಟಿಯ ಮೂಲೆಯಲ್ಲಿ ಮಾತ್ರ ಅದೇ ತಡೆದು ಹಿಡಿದ ನಗು.

“ಬುಧವಾರ ಬರೋವಾಗ,” ಎಂದಳು, “ಆ ಸೀಟೀನ ಮನೇಲೇ ಬಿಟ್ಟು ಬನ್ನಿ.”