ಶರಣಕುಮಾರನ ಹೆಸರಿನ ಮೂರು ಸಾಲು

"ನಮ್ಮ ಮನಿಯವರು ಬೇಕಂತ ಸತ್ತರೋ, ಗಾಡಿ ತಾನ ಜಾರಿತೋ, ಅದನ್ನ ಹುಡುಕಬ್ಯಾಡ್ರಿ ಬಾಯಾರ. ಆ ಮೂರು ಸಾಲು ಬರೆದವರು ಯಾರು, ಅಷ್ಟ ಹುಡುಕಿ ಕೊಡ್ರಿ."

ಐಶ್ವರ್ಯಾ ಕೇಳಿದ್ದು ಇಷ್ಟೇ. ಹೊರಗೆ ಶ್ರಾವಣದ ಮೋಡ ಕವಿದಿತ್ತು. ಸಿಕಂದರಾಬಾದಿನ ಆ ಮಹಡಿಯ ಕೋಣೆಯಲ್ಲಿ ಹಗಲಲ್ಲೇ ದೀಪ ಉರಿಯುತ್ತಿತ್ತು. ಮಾಣಿಕಪ್ಪ ಚಹಾ ತಂದು ಆಕೆಯ ಮುಂದಿಟ್ಟ. ಆಕೆ ಅದರತ್ತ ನೋಡಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದ ಅವನು ನೌಕರಿಯಲ್ಲಿ ಎಷ್ಟೋ ಸಾವಿನ ಮನೆಗಳ ಹೊಸ್ತಿಲು ತುಳಿದಿದ್ದ. ಆದರೂ ತನ್ನ ಮಗಳ ವಯಸ್ಸಿನ ಈ ಹೆಂಗಸಿನ ಬರಿಗೊರಳು ನೋಡಲಾರದೆ ಕಿಟಕಿಯ ಕಡೆ ಸರಿದು ನಿಂತ.

ಧನಶ್ರೀಬಾಯಿ ದೇಶಪಾಂಡೆ ಅವಸರ ಮಾಡಲಿಲ್ಲ. ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೈಬರಹ ಪರೀಕ್ಷಕಿಯಾಗಿ ತಲೆ ನರೆಸಿಕೊಂಡವರು ಅವರು. ನಿವೃತ್ತರಾದ ಮೇಲೂ ಪೊಲೀಸರು ಮುಚ್ಚಿಟ್ಟ ಪ್ರಕರಣಗಳನ್ನು ಹೊತ್ತು ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಅವರ ಹಳೆಯ ಮಾರುತಿ ಕಾರು ಓಡಿಸುವುದು, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಮಾಣಿಕಪ್ಪನ ಪಾಲಿನ ಕೆಲಸ.

"ಮೊದಲಿಂದ ಹೇಳು ತಂಗಿ," ಎಂದರು ಬಾಯಿ.

ಐಶ್ವರ್ಯಾಳ ಗಂಡ ಶರಣಕುಮಾರ ಮಾದಾಪುರದ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಬೀದರ, ಕಲಬುರಗಿ ಕಡೆಯವರೇ ಸೇರಿ ಕಟ್ಟಿದ ಕಂಪನಿ ಅದು. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಡುವ ಪಂಪನ್ನು ಅಲ್ಲಿ ಮಾಡುತ್ತಿದ್ದರು. ನಳಿಗೆ ಮಡಚಿ ಔಷಧ ನಿಂತರೆ ಪಂಪು ಕೂಗಿಕೊಳ್ಳಬೇಕು. ಆ ಅಲಾರಂನ ಪ್ರೋಗ್ರಾಂ ಶರಣಕುಮಾರನದು. ಎರಡು ತಿಂಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ನಳಿಗೆ ಮಡಚಿತು, ಪಂಪು ಕೂಗಲಿಲ್ಲ. ಕುಷಾಯಿಗೂಡದ ಜಯಮ್ಮ ಎಂಬವಳ ಮಗಳು ನಿರೀಕ್ಷಾ, ಇನ್ನೂ ಕಾಲೇಜಿಗೆ ಹೋಗುವ ಹುಡುಗಿ, ಹಾಸಿಗೆಯಲ್ಲೇ ತಣ್ಣಗಾದಳು. ತೆಗೆದು ನೋಡಿದಾಗ ಪ್ರೋಗ್ರಾಂನಲ್ಲಿ ಅಲಾರಂನ ಬಾಯಿ ಮುಚ್ಚುವ ಮೂರು ಸಾಲು ಸೇರಿದ್ದವು. ಸೇರಿಸಿದವರ ಹೆಸರು ಶರಣಕುಮಾರ ಎಂದಿತ್ತು.

"ನಾ ಬರದಿಲ್ಲ, ನಾ ಬರದಿಲ್ಲ ಅಂತ ಹೇಳಿ ಹೇಳಿ ಸೋತರ್ರಿ. ಮೊದಲನೇ ದಿನಾನ ಕಂಪನಿಯವರು ಲ್ಯಾಪ್‌ಟಾಪ್ ಕಸಕೊಂಡು ಎಲ್ಲಾ ಅಳಿಸಿಬಿಟ್ಟರು. ಸರ್ವರ್ ನೋಡಾಕೂ ಬಿಡಲಿಲ್ಲ. ಒಂದಿನ ಠಾಣೆಯಿಂದ ಬರೋ ಮುಂದ ಮೆಟ್ರೊ ಕಂಬದ ಕೆಲಸ ನಡದಲ್ಲೆ ಗಾಡಿ ಹೋಗಿ ಬಡೀತು. ಈಗ ಎಲ್ಲಾರೂ, ತಪ್ಪ ಮಾಡಿದ್ದಕ್ಕ ಜೀವಾ ಕೊಟ್ಟ ಅಂತಾರ. ಮಗಳು ಪಿಂಕಿ ಸಾಲ್ಯಾಗೂ ಅಂತಾರ."

ಪೊಲೀಸರು ಕೊಟ್ಟಿದ್ದ ದಾಖಲೆಯ ಪ್ರತಿಯನ್ನು ಆಕೆ ಮುಂದಿಟ್ಟಳು. ಮಾಣಿಕಪ್ಪ ಕನ್ನಡಕ ಏರಿಸಿ ಓದಿದ. ಬದಲಾವಣೆ ಮಾಡಿದವರ ಹೆಸರು, ತಾರೀಖು, ಫೈಲಿನ ಹೆಸರು, ‘ಸಣ್ಣ ತಿದ್ದುಪಡಿ’ ಎಂಬ ಕಾರಣ. ಅದರಲ್ಲಿ ಬೇರೇನೂ ಇರಲಿಲ್ಲ.

ಮರುದಿನ ಬಾಯಿ, ಮಾಣಿಕಪ್ಪ ಇಬ್ಬರೂ ಮಾದಾಪುರಕ್ಕೆ ಹೋದರು. ಪ್ರಾಜೆಕ್ಟಿನ ಮುಖ್ಯಸ್ಥ ವಿಜಯಕುಮಾರ ಅವರನ್ನು ಬಾಗಿಲಿಗೇ ಬಂದು ಕರೆದೊಯ್ದ. ಕಣ್ಣ ಕೆಳಗೆ ಕಪ್ಪುಗಟ್ಟಿದ್ದ ಆತ ತಂಪು ಕೋಣೆಯಲ್ಲೂ ಬೆವರು ಒರೆಸಿಕೊಳ್ಳುತ್ತಿದ್ದ. ಪಾಪ, ಇವನೂ ಸ್ನೇಹಿತನನ್ನು ಕಳೆದುಕೊಂಡವನೇ ಅಂದುಕೊಂಡ ಮಾಣಿಕಪ್ಪ.

"ಶರಣ ನನಗ ತಮ್ಮ ಇದ್ದಂಗ ಇದ್ದಾರಿ," ಎಂದ ವಿಜಯಕುಮಾರ. "ಆದ್ರ ಮುಚ್ಚಿಡಾಕ ಆಗೂದಿಲ್ಲ. ಆ ಬದಲಾವಣೆ ಝಡ್ ಡ್ರೈವಿಂದ ಬಂದೈತಿ. ಈ ಆಫೀಸಿನ್ಯಾಗ ಝಡ್ ಇದ್ದದ್ದು ಅವನೊಬ್ಬನ ಹತ್ರ. ನಾವೆಲ್ಲಾ ವಿಂಡೋಸ್, ಅವನೊಬ್ಬ ಲಿನಕ್ಸ್."

ಬಾಯಿ ತಲೆಯಾಡಿಸಿ, ಸರ್ವರ್ ನೋಡಿಕೊಳ್ಳುವ ನಚಿಕೇತನ ಕಡೆ ಹೋದರು. ಝಡ್ ಎಂದರೇನೆಂದು ಮಾಣಿಕಪ್ಪನಿಗೆ ತಿಳಿದದ್ದು ಅವನಿಂದ. ಯಾರು ಏನು ಬದಲಿಸಿದರೆಂದು ಕಾದಿಡುವ ಆ ಕಂಪನಿಯ ಸಾಫ್ಟ್‌ವೇರ್ ಬಹಳ ಹಳೆಯದು. ಅದು ನಡೆಯುವುದು ವಿಂಡೋಸ್ ಮೇಲೆ ಮಾತ್ರ. ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸನ್ನು ಶರಣಕುಮಾರ ಬಿಡಲೊಲ್ಲ. ಹಾಗಾಗಿ ಅವನು ‘ವೈನ್’ ಎಂಬ ನಡುವಿನ ಪದರವೊಂದನ್ನು ಹಾಕಿಕೊಂಡು, ಅದರ ಮೂಲಕ ಆ ಸಾಫ್ಟ್‌ವೇರ್ ಓಡಿಸುತ್ತಿದ್ದ. ತಾನು ವಿಂಡೋಸ್ ಮೇಲೆಯೇ ಇದ್ದೇನೆ ಎಂದು ಸಾಫ್ಟ್‌ವೇರಿಗೆ ನಂಬಿಸುವುದು ವೈನ್‌ನ ಕೆಲಸ. ಲಿನಕ್ಸಿನ ಇಡೀ ಸಂಸಾರವನ್ನು ಅದು ಝಡ್ ಡ್ರೈವ್ ಎಂದು ತೋರಿಸುತ್ತದೆ.

"ಈ ಹೆಸರಿನಿಂದ ಏನೇನ ಆಯ್ತು ಕೇಳ್ರಿ," ಎಂದ ನಚಿಕೇತ ಬೇಸರದಿಂದ. "ಶರಣ ವೈನ್ ಮ್ಯಾಲೆ ಕೆಲಸ ಮಾಡ್ತಿದ್ದ ಅಂತ ಯಾರೋ ಅಂದರು. ಹೊರಗಿನ ಮಂದಿ ಕುಡದು ಮಾಡ್ತಿದ್ದ ಅಂದ್ಕೊಂಡರು."

ಮಾಣಿಕಪ್ಪ ಮುಖ ತಗ್ಗಿಸಿದ. ಅವನಿಗೂ ಒಂದು ಕ್ಷಣ ಅದೇ ಅನಿಸಿತ್ತು.

ನಚಿಕೇತ ತನ್ನ ಪರದೆಯ ಮೇಲೆ ಆ ಬದಲಾವಣೆಯ ಪೂರ್ತಿ ದಾಖಲೆ ತೆರೆದ. ಕಳಿಸಿದ ಜಾಗ ಎಂಬಲ್ಲಿ ಝಡ್, ಅದರೊಳಗೆ ಹೋಮ್, ಅದರೊಳಗೆ ಶರಣ್ ಎಂದಿತ್ತು. "ನೋಂದಾಯಿಸಿದ ಜಾಗದಿಂದ ಬಂದ್ರ ಮಾತ್ರ ಇದು ತಗೋತೈತ್ರಿ. ಇಲ್ಲಾಂದ್ರ ತಿರುಗಿ ಕಳಸ್ತೈತಿ."

"ಈ ಜಾಗ ಎಲ್ಲಾರಿಗೂ ಕಾಣತೈತೇನು?"

"ಇಲ್ರಿ. ಕಳಸೋ ಮುಂದ ಕಳಸವರ ಪರದೆ ಮ್ಯಾಲೆ ಕಾಣತೈತಿ. ಆಮೇಲೆ ಸರ್ವರ್ ನೋಡಿಕೊಳ್ಳಾಂವಗ ಅಷ್ಟ. ಪೊಲೀಸರೂ ಕೇಳಲಿಲ್ಲ, ಬ್ಯಾರೆ ಯಾರೂ ಕೇಳಲಿಲ್ಲ. ನಾ ತೋರಿಸಿದ್ದು ನಿಮಗ ಮೊದಲು."

"ಅವನ ಪಾಸ್‌ವರ್ಡ್?"

"ಮಗಳ ಹೆಸರು. ಆಫೀಸಿಗೆಲ್ಲಾ ಗೊತ್ತಿತ್ತು."

ಪಂಪುಗಳನ್ನು ಪರೀಕ್ಷೆ ಮಾಡುವ ರಶ್ಮಿ ಮೂಲೆಯ ಮೇಜಿನಲ್ಲಿದ್ದಳು. ಅವಳ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ವಿಂಡೋಸ್ ಇತ್ತು. ಆ ಫೈಲು ತೋರಿಸೆಂದು ಬಾಯಿ ಕೇಳಿದಾಗ ಅವಳು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದಳು. ಪ್ರೋಗ್ರಾಂ ಎಂದರೆ ಸಾಲುಸಾಲಾಗಿ ಇರುತ್ತದೆ ಎಂದುಕೊಂಡಿದ್ದ ಮಾಣಿಕಪ್ಪನಿಗೆ ಅಲ್ಲಿ ಕಂಡದ್ದು ಎಲ್ಲೂ ಮುರಿಯದೆ ಒಂದೇ ಸಮ ಬಲಕ್ಕೆ ಹರಿದುಹೋದ ಅಕ್ಷರಗಳ ಹಗ್ಗ.

"ಶರಣ ಸರ್ ಫೈಲು ಯಾವಾಗಲೂ ಹಿಂಗ ಮ್ಯಾಡಂ. ಓದಾಕ ಆಗೂದಿಲ್ಲ ಅಂತ ನಾ ಭಾಳ ಸಲ ಜಗಳಾಡೀನಿ. ಬ್ಯಾರೆ ಪ್ರೋಗ್ರಾಂನಾಗ ತೆರಿ ಅಂತ ನಗತಿದ್ರು."

ಬಾಯಿ ಪರದೆಗೆ ಮುಖ ಹತ್ತಿರ ತಂದರು. ಹಿಂದೆ ಖೋಟಾ ಸಹಿಗಳ ಮೇಲೆ ಭೂತಗನ್ನಡಿ ಹಿಡಿದು ಕೂರುತ್ತಿದ್ದರಲ್ಲ, ಹಾಗೆ. ಬಹಳ ಹೊತ್ತಿನ ಮೇಲೆ, "ಮಾಣಿಕಪ್ಪ, ಇಲ್ಲಿ ನೋಡ್ರಿ" ಎಂದರು. ಆ ಉದ್ದನೆಯ ಹಗ್ಗ ಕೆಳಗಡೆ ಒಂದೆಡೆ ತುಂಡಾಗಿತ್ತು. ಅಲ್ಲಿ ಮೂರು ಸಾಲು ಒಂದರ ಕೆಳಗೊಂದು ಓರಣವಾಗಿ ನಿಂತಿದ್ದವು. ಆಮೇಲೆ ಮತ್ತೆ ಹಗ್ಗ.

"ಈ ಅಲಾರಂ ಮುಚ್ಚಬೇಕು ಅಂತ ಯಾರರ ಕೇಳಿದ್ರೇನವಾ?"

"ಆಸ್ಪತ್ರಿಯವರಿಗೆ ಡೆಮೊ ಇತ್ರಿ. ಪಂಪು ಪದೇ ಪದೇ ಕೂಗತಿತ್ತು. ನಳಿಗಿ ಸೆನ್ಸರ್ ಕೆಟ್ಟೈತಿ, ಅದನ್ನ ಸರಿ ಮಾಡ್ರಿ, ಅಲಾರಂ ಮುಟ್ಟಬ್ಯಾಡ್ರಿ ಅಂತ ಶರಣ ಸರ್ ಹಟ ಹಿಡದಿದ್ರು. ಆಮೇಲೆ ಒಂದಿನ ತಾನ ಸುಮ್ಮನಾತು. ಸೆನ್ಸರ್ ಸರಿ ಆಗೇತಿ ಅಂದ್ಕೊಂಡೆ." ಮತ್ತೆ ಕೇಳಿದಳು: "ಈಗ ಅಲ್ಲಿ ನಚಿಕೇತ ಸರ್ ಝಡ್ ಅಂದ್ರಲ್ಲ, ಏನ್ರಿ ಅದು?"

ಕಾರು ಮನೆ ಹತ್ತಿರ ಬಂದಾಗ ಬಾಯಿ, ಈ ಪ್ರಕರಣದ ಇನ್‌ಸ್ಪೆಕ್ಟರ್ ನರಹರಿಗೆ ಫೋನ್ ಹಚ್ಚಿಕೊಡಲು ಹೇಳಿದರು.

ಆ ವಾರವೇ ಎಲ್ಲರೂ ಕಂಪನಿಯ ಮೀಟಿಂಗ್ ಕೋಣೆಯಲ್ಲಿ ಸೇರಿದರು. ಐಶ್ವರ್ಯಾ ಕಿಟಕಿಯ ಪಕ್ಕ ಕುಳಿತಿದ್ದಳು. ವಿಜಯಕುಮಾರ, ನಚಿಕೇತ, ರಶ್ಮಿ ಎದುರಿಗೆ. ನರಹರಿ ಬಾಗಿಲ ಬಳಿ. ಗೋಡೆಯ ಪರದೆಯ ಮೇಲೆ ಆ ಹಗ್ಗ, ಮೂರು ಸಾಲು.

"ನನ್ನ ಕಸುಬು ಕೈಬರಹ," ಎಂದು ಬಾಯಿ ಶುರು ಮಾಡಿದರು. "ಕಂಪ್ಯೂಟರಿಗೂ ಒಂದು ಕೈ ಇರತೈತಿ. ಸಾಲು ಮುಗಿದ ಕೂಡಲೇ ನಾವು ಎಂಟರ್ ಒತ್ತತೀವಿ. ಅಲ್ಲಿ ಲಿನಕ್ಸ್ ಒಂದು ಗುರುತು ಇಡತೈತಿ, ವಿಂಡೋಸ್ ಎರಡು ಇಡತೈತಿ. ಎರಡೂ ನಮ್ಮ ಕಣ್ಣಿಗೆ ಕಾಣೂದಿಲ್ಲ. ಆದ್ರ ರಶ್ಮಿಯ ಹಳೇ ನೋಟ್‌ಪ್ಯಾಡ್ ಎರಡು ಗುರುತು ಇದ್ದಲ್ಲಿ ಮಾತ್ರ ಸಾಲು ಮುರೀತೈತಿ. ಶರಣಕುಮಾರ ಬರದದ್ದೆಲ್ಲಾ ಒಂದ ಗುರುತಿನದು, ಅದಕ್ಕ ಹಗ್ಗದಂಗ ಕಾಣತೈತಿ. ಈ ಮೂರು ಸಾಲಿಗೆ ಎರಡು ಗುರುತು ಅದಾವು. ಇವನ್ನ ಬರದದ್ದು ವಿಂಡೋಸ್ ಕಂಪ್ಯೂಟರ್ ಮ್ಯಾಲೆ."

"ಆದ್ರ ಅವನು ವೈನ್ ಮೂಲಕ ಕಳಸತಿದ್ದ," ಎಂದ ವಿಜಯಕುಮಾರ. "ವೈನ್ ಅಂದ್ರ ವಿಂಡೋಸಿನ ವೇಷಾನ. ಎರಡು ಗುರುತು ಬರಬಹುದಲ್ಲರಿ?"

"ಬರಬಹುದಿತ್ತು. ಅದಕ್ಕ ನಚಿಕೇತನ್ನ ಕೂಡಿಸಿಕೊಂಡು ಅವನ ಹಿಂದಿನ ಬದಲಾವಣೆಗಳನ್ನ ಒಂದೂ ಬಿಡದಂಗ ನೋಡಿದೆ. ಅವನು ಬರೀತಿದ್ದದ್ದು ಲಿನಕ್ಸಿನ್ಯಾಗ. ವೈನ್ ಮೂಲಕ ಬರೇ ಸಾಗಸತಿದ್ದ. ನಿಮ್ಮ ಸಾಫ್ಟ್‌ವೇರ್ ಬರದದ್ದನ್ನ ಇದ್ದಂಗ ಇಡತೈತಿ. ಒಂದರಾಗೂ ಎರಡು ಗುರುತು ಇಲ್ಲ."

ಬಾಯಿ ಮುಂದುವರಿಸಿದರು.

"ಹಂಗಾದ್ರ ವಿಂಡೋಸಿನಿಂದ ಝಡ್ ಹೆಂಗ ಬಂತು? ಸರ್ವರ್ ಬ್ಯಾರೆ ಜಾಗದಿಂದ ತಗೊಳ್ಳೂದಿಲ್ಲ. ಬರದಾಂವ ತನ್ನ ಕಂಪ್ಯೂಟರಿನ್ಯಾಗ ಸುಳ್ಳ ಝಡ್ ಡ್ರೈವ್ ಹುಟ್ಟಿಸಿಕೊಂಡ, ಒಳಗ ಶರಣನ ಹೆಸರಿನ ಫೋಲ್ಡರ್ ಇಟ್ಟ. ನಚಿಕೇತಗ ಇದು ಬೇಕಾಗಿದ್ದಿಲ್ಲ. ಸರ್ವರ್ ಅವನ ಕೈಯಾಗ ಐತಿ, ಯಾರ ಹೆಸರಿನ್ಯಾಗ ಬೇಕಾದ್ರೂ ನೇರ ಹಾಕಬಹುದು. ರಶ್ಮಿಗೆ ಝಡ್ ಅಂದ್ರ ಏನಂತನ ಗೊತ್ತಿಲ್ಲ. ಪೊಲೀಸರ ಪ್ರತಿಯೊಳಗ ಜಾಗದ ಸುದ್ದಿ ಇಲ್ಲ. ಆ ಬದಲಾವಣೆ ಯಾವ ಜಾಗದಿಂದ ಬಂತು ಅನ್ನೂದನ್ನ ನಚಿಕೇತ ನನಗಿಂತ ಮೊದಲು ಯಾರಿಗೂ ತೋರಿಸಿಲ್ಲ. ಆದ್ರ ಅವನ ಹತ್ರ ಹೋಗೂಕಿಂತ ಮೊದಲ, ಅದು ಝಡ್‌ನಿಂದ ಬಂದೈತಿ ಅಂತ ನನಗ ಹೇಳಿದವರು ಒಬ್ಬರದಾರ. ಲ್ಯಾಪ್‌ಟಾಪ್ ಅಳಸಾಕ ಹೇಳಿದವರೂ ಅವರ ಅಂತ ನಚಿಕೇತ ಹೇಳ್ಯಾನ."

ವಿಜಯಕುಮಾರನ ಕೈ ಮೇಜಿನ ಅಂಚಿಗೆ ಹೋಯಿತು.

"ಬೆಳಿಗ್ಗೆ ನಿಮ್ಮ ಕಂಪ್ಯೂಟರ್ ತಗೊಂಡೀವಿ," ಎಂದ ನರಹರಿ ಬಾಗಿಲಿನಿಂದಲೇ. "ಆ ಫೋಲ್ಡರ್ ಇನ್ನೂ ಐತಿ."

ವಿಜಯಕುಮಾರ ನಿರಾಕರಿಸಲಿಲ್ಲ. "ಒಂದ ಡೆಮೊ ಸಲುವಾಗಿ ಮಾಡಿದ್ದೆ. ಅಲಾರಂ ಫೈಲು ಶರಣನ ಲಾಗಿನ್ ಬಿಟ್ಟರ ಬ್ಯಾರೆಯವರಿಗೆ ತಿದ್ದಾಕ ಬರತಿದ್ದಿಲ್ಲ. ಮುಗಿದ ಮ್ಯಾಲೆ ತಗದ ಹಾಕಬೇಕಂತಿದ್ದೆ. ಮರತೆ. ಪಂಪು ಹಂಗ ಆಸ್ಪತ್ರಿಗೆ ಹೋದವು."

"ಮರತೆ," ಎಂದಳು ಐಶ್ವರ್ಯಾ. ಆ ಪದದ ರುಚಿ ನೋಡಿದಂತೆ ಮೆಲ್ಲಗೆ. "ನಮ್ಮ ಮನಿಗೆ ಬಂದು, ನನ್ನ ಕೈಯಾಗಿನ ಊಟ ಉಂಡು, ಒಪ್ಪಿಕೋ ಶರಣಾ, ಹಗುರಾಗತೀ ಅಂತ ಹೇಳಿದ್ರಿ. ಅದೂ ಮರತ ಹೇಳಿದ್ರೇನು?"

ಬಾಯಿ ಪರದೆ ಆರಿಸಿದರು. "ಮೊದಲನೇದು ಮರೆವು ಇರಬಹುದು," ಎಂದರು ನರಹರಿಗೆ, "ಎರಡನೇದು ಅಲ್ಲ. ಎರಡನ್ನೂ ಬರಕೋರಿ."

ಕಂಪನಿಯವರು ಬಂದು ಐಶ್ವರ್ಯಾಳ ಮುಂದೆ ಏನೇನೋ ಹೇಳತೊಡಗಿದರು. ಆಕೆ ಯಾವುದಕ್ಕೂ ನಿಲ್ಲದೆ ಕೆಳಗಿಳಿದು ಬಂದಳು. "ಕಾಕಾ, ಕುಷಾಯಿಗೂಡಕ್ಕ ಬಿಡ್ತೀರೇನು?" ಎಂದು ಮಾಣಿಕಪ್ಪನನ್ನು ಕೇಳಿದಳು. ಅವನು ಬಾಯಿಯ ಮುಖ ನೋಡಿದ. ಅವರು ಹಿಂದಿನ ಸೀಟಿನಲ್ಲಿ ಜಾಗ ಮಾಡಿ ಕುಳಿತರು.

ಜಯಮ್ಮನ ಮನೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಗೋಡೆಯ ಹಿಂದಿನ ಗಲ್ಲಿಯಲ್ಲಿತ್ತು. ಜಯಮ್ಮ ಬಾಗಿಲಿಗೆ ಅಡ್ಡವಾಗಿ ನಿಂತು ಐಶ್ವರ್ಯಾಳನ್ನು ಗುರುತು ಹಿಡಿದಳು, ದಾರಿ ಬಿಡಲಿಲ್ಲ. ಐಶ್ವರ್ಯಾ ಅಂಗಳದಲ್ಲೇ ನಿಂತು, ನಡೆದದ್ದನ್ನು ಹಿಂದುಮುಂದಾಗದಂತೆ ಹೇಳಿದಳು. ಗಂಡನ ಪರವಾಗಿ ಒಂದು ಮಾತು ಹೆಚ್ಚು ಸೇರಿಸಲಿಲ್ಲ. ಮಾಣಿಕಪ್ಪ ಕಾರಿನ ಪಕ್ಕ ನಿಂತು ಕೇಳಿದ. ಬಾಯಿ ಕಾರಿನಿಂದ ಇಳಿಯಲಿಲ್ಲ.

ಜಯಮ್ಮ ಚೌಕಟ್ಟಿನ ಮೇಲೆ ಕೈ ಇಟ್ಟೇ ಕೇಳಿಸಿಕೊಂಡಳು.

"ಆ ವಿಜಯಕುಮಾರಗೂ ಮಕ್ಕಳು ಅದಾವೇನು?" ಎಂದು ಕೊನೆಗೆ ಕೇಳಿದಳು.

"ಒಬ್ಬಾಕಿ ಮಗಳು. ನಿರೀಕ್ಷಾನ ವಾರಗಿಯಾಕಿ."

ಜಯಮ್ಮ ಚೌಕಟ್ಟಿನ ಮೇಲಿಂದ ಕೈ ತೆಗೆದಳು. "ಅಲ್ಲಿಗೆ ಆ ಮನಿನೂ ಹೋತು," ಎಂದಳು. ಅದರಲ್ಲಿ ಸಂತೋಷ ಇರಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, "ನಿಂತ ಯಾಕ ಮಾತಾಡ್ತಿ, ಒಳಗ ಬಾ" ಎಂದಳು.