ಹಗಲು ಮಾತ್ರ ಕಾಣುವ ಕ್ಯಾಮೆರಾ

ಟಗರು ಕಳುವಾಗಿದೆ ಅಂತ ದೂರು. ಹೋಗಿ ನೋಡಿದರೆ ಟಗರು ದೊಡ್ಡಿಯಲ್ಲೇ ನಿಂತು ಕಡಲೆಕಾಯಿ ಗಿಡದ ಸೊಪ್ಪು ಮೆಲ್ಲುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಸುಪ್ರಜಾ ಟಗರನ್ನು ನೋಡಿದಳು. ಟಗರೂ ಅವಳನ್ನು ನೋಡಿತು. ಠಾಣೆಯಲ್ಲಿ ಈ ದೂರು ಕೇಳಿ ತಮಿಳು ಪೊಲೀಸರೆಲ್ಲ ನಕ್ಕಿದ್ದರು. "ನಿಮ್ಮ ಭಾಷೆಯವರು, ನೀವೇ ಹೋಗಿ ಬನ್ನಿ" ಎಂದು ಅವಳ ತಲೆಗೆ ಕಟ್ಟಿದ್ದರು. ಸುಪ್ರಜಾ ಸೇಲಂ ಪೇಟೆಯ ಕನ್ನಡದವಳು. ಮೇಚೇರಿ ಸುತ್ತಿನ ಹಳ್ಳಿಗನ್ನಡ ಕಿವಿಗೆ ಬಿದ್ದರೆ ಅವಳಿಗೆ ಅರ್ಧ ನಗು, ಅರ್ಧ ಅಕ್ಕರೆ.

"ಇದು ನಮ್ ಟಗರಲ್ಲ ತಾಯಿ," ಎಂದಳು ದೂರು ಕೊಟ್ಟಿದ್ದ ಮುನಿವೆಂಕಟಮ್ಮ. "ಯಾರೋ ಬದಲಾಯ್ಸವ್ರೆ."

ಅವಳ ಕಣ್ಣಿಗೆ ಕಪ್ಪು ಕನ್ನಡಕ. ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. ಅಷ್ಟು ದಿನವೂ ಒಳಗಿನ ಕೋಣೆ ಬಿಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ದೊಡ್ಡಿಗೆ ಬಂದವಳೇ ಟಗರನ್ನು ಸವರಿ ಬೊಬ್ಬೆ ಹಾಕಿದ್ದಳು.

ಗಂಡ ಚಿನ್ನಪ್ಪ ತಲೆ ಚಚ್ಚಿಕೊಂಡ. "ಕಣ್ಣು ಇನ್ನೂ ಮಂಜು ಮೇಡಂ. ಇಂಗಾದ್ರೆ ಇವಳ ಕೈಗೆ ಕುರಿ ಬಿಡೋದೆಂಗೆ? ಬರೋ ಸಂತೇಲಿ ಮಂದೆ ಪೂರಾ ಮಾರ್ಬಿಡೋಣ ಅಂತಿವ್ನಿ."

ಮುನಿವೆಂಕಟಮ್ಮ ದೊಡ್ಡಿಯ ಗೂಟ ಹಿಡಿದು ನಿಂತಳು. ತವರಿನವರು ಕೊಟ್ಟ ಎರಡು ಕುರಿಯಿಂದ ಅವಳೇ ಬೆಳೆಸಿದ ಮಂದೆ ಅದು. ಅದು ಹೋದರೆ ಆ ಮನೆಯಲ್ಲಿ ಅವಳದು ಅಂತ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಸುಪ್ರಜಾ ಬಗ್ಗಿ ಟಗರಿನ ಎಡಗಿವಿ ಹಿಡಿದಳು. ಅಂಚಿನಲ್ಲಿ ಒಂದು ಕಚ್ಚು.

"ಇದೇನಮ್ಮಾ?"

"ನಮ್ಮನೆ ಗುರುತು. ಮರಿ ಇದ್ದಾಗ್ಲೇ ಕುಯ್ದುಬಿಡ್ತೀವಿ."

"ಈ ಟಗರಿಗೆ ವಯಸ್ಸೆಷ್ಟು?"

"ನಾಕು ಅಲ್ಲು ಬಂದೈತೆ. ಎಲ್ಡು ವರ್ಸ ಆಯ್ತು."

ಕಚ್ಚಿನ ಅಂಚು ಇನ್ನೂ ಎಳೆಗೆಂಪಾಗಿತ್ತು. ಎರಡು ವರ್ಷದ ಹಳೆಯ ಗಾಯ ಹಾಗಿರುವುದಿಲ್ಲ. ಸುಪ್ರಜಾಳ ನಗು ಅಲ್ಲಿಗೇ ನಿಂತಿತು.

"ಅದು ಮುಳ್ಳು ತಾಗಿ ಕಿತ್ತಿತ್ತು ಮೇಡಂ. ನಾನೇ ಮರುಂದು ಹಚ್ಚಿದ್ದು." ಬಾಗಿಲಲ್ಲಿ ನಿಂತಿದ್ದವನು ಶಕ್ತಿವೇಲ್. ಚಿನ್ನಪ್ಪನ ಅಕ್ಕನ ಮಗ, ಮದುವೆ ವಿಡಿಯೊ ತೆಗೆಯುವವನು. ಅತ್ತೆ ಮಲಗಿದ್ದಷ್ಟು ದಿನ ದೊಡ್ಡಿ ನೋಡಿಕೊಂಡವನೂ ಅವನೇ. "ಕಾವಲಿಗೆ ಕ್ಯಾಮೆರಾ ಐತೆ ನೋಡಿ. ಮಾವ ಬೇಕು ಅಂದ್ರು, ನಾನೇ ಆರಿಸಿ ತಂದಿದ್ದು. ಫುಲ್ ಎಚ್‌ಡಿ. ಒಂದೊಂದು ಕೂದಲೂ ಕಾಣ್ತೈತೆ."

ಕಿಟಕಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ವಿಡಿಯೊ ಕ್ಯಾಮೆರಾ ಮದುಮಗನ ಹಾಗೆ ಕೂತಿತ್ತು.

"ಹಾಗಾದರೆ ಈ ತಿಂಗಳಿನದನ್ನು ತೋರಿಸು."

"ಕಾರ್ಡ್ ತುಂಬಿತ್ತು, ಅಳಿಸ್ಬಿಟ್ಟೆ. ರಾತ್ರಿ ಎಂಗೂ ಇದ್ರಲ್ಲಿ ಬೀಳಲ್ಲ ಮೇಡಂ, ಕತ್ತಲೆ."

ಕುರಿಗಳ್ಳರು ಹಗಲು ಹೊತ್ತು ಬಂದು ನಮಸ್ಕಾರ ಹೇಳಿ ಹೋಗುವುದಿಲ್ಲ. ಕತ್ತಲಲ್ಲಿ ಕಾಣದ ಕ್ಯಾಮೆರಾ ದೊಡ್ಡಿಗೆ ಯಾಕೆ? ಸುಪ್ರಜಾ ಮುನಿವೆಂಕಟಮ್ಮನ ಕಡೆ ತಿರುಗಿದಳು.

"ನಿಮಗೆ ಯಾರ ಮೇಲೆ ಅನುಮಾನ ಅಮ್ಮಾ?"

"ದಲ್ಲಾಳಿ ಶಿವಾ. ಅವನಿಗೆ ನಮ್ ಟಗರಿನ ಮೇಲೆ ಶ್ಯಾನೆ ದಿನದಿಂದ ಕಣ್ಣು."

* * *

ಸಂತೆಯಲ್ಲಿ ಶಿವಾ ಒಬ್ಬ ರೈತನ ಕೈ ಹಿಡಿದುಕೊಂಡು ನಿಂತಿದ್ದ. ಇಬ್ಬರ ಕೈಗಳ ಮೇಲೂ ಒಂದು ಟವೆಲು. ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಗುಟ್ಟಾಗಿ ಬೆಲೆ ಕಟ್ಟುವುದು ಅಲ್ಲಿನ ರೂಢಿ. ವ್ಯಾಪಾರ ಮುಗಿಯಿತು. ಸುಪ್ರಜಾ ವಿಷಯ ಹೇಳಿದಳು.

"ಕೇಳಿದ್ದು ನಿಜ ಮೇಡಂ. ಟವೆಲ್ ಅಡೀಲಿ ಚಿನ್ನಪ್ಪಣ್ಣನ ಬೆರಳು ಹಿಡ್ದು ಕೇಳ್ದೆ. ಆ ಟಗರು ಅವಳ್ದು, ಕೊಡಲ್ಲ ಅಂದ್ರು. ಬಿಟ್ಬಿಟ್ಟೆ."

"ಆಮೇಲೆ ಕದ್ದೆ?"

ಶಿವಾ ಗಹಗಹಿಸಿ ನಕ್ಕ. "ಕದಿಯೋನು ಕದ್ಕಂಡು ಓಯ್ತಾನೆ. ಅದರ ಜಾಗಕ್ಕೆ ಇನ್ನೊಂದು ತಂದು ಕಟ್ಟಿ, ಕಿವಿ ಕುಯ್ದು, ಗಾಯ ಮಾಯೋಗಂಟ ಔಷ್ದಿ ಹಚ್ಚೋಕೆ ನಾನೇನು ಆ ಮನೆ ಅಳಿಯನಾ?"

ಸುಪ್ರಜಾ ಜೀಪು ಹತ್ತಿದಳು. ಶಿವಾ ತಮಾಷೆಗೆ ಹೇಳಿದ್ದ ಮಾತು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಗಾಯ ಮಾಯುವ ತನಕ ಟಗರಿನ ಹತ್ತಿರ ಇದ್ದವರು ಯಾರು?

* * *

ಕ್ಯಾಮೆರಾ ಕೊಂಡಿದ್ದು ಸೇಲಂನಲ್ಲಿ, ಮಾಧವನ ಅಂಗಡಿಯಲ್ಲಿ. ಮಾಧವ ಮಾತುಗಾರ.

"ಬಂದೋರನ್ನ ನಾನು ಮೊದಲು ಕೇಳೋದೇ ಯಾತಕ್ಕೆ ಬೇಕು ಅಂತ. ಮದುವೆಗಾ, ಮಕ್ಕಳ ಡ್ಯಾನ್ಸಿಗಾ, ಕಾವಲಿಗಾ? ಬರೀ ಎಚ್‌ಡಿ ಅಂತ ಕೊಂಡು ಆಮೇಲೆ ಬಾಯಿ ಬಡಕೊಳ್ಳೋರೇ ಜಾಸ್ತಿ. ಆ ಹುಡುಗ ಕುರಿ ದೊಡ್ಡಿಗೆ ಅಂದ. ಗೋಡೆಗೆ ಹಾಕೋ ಕ್ಯಾಮೆರಾ ತೋರಿಸಿದೆ."

"ಅದು ಕತ್ತಲಲ್ಲಿ ಕಾಣುತ್ತಾ?"

"ಅವನೂ ಅದನ್ನೇ ಕೇಳಿದ. ಚೆನ್ನಾಗಿ ಕಾಣುತ್ತೆ ಅಂದೆ. ಕರೆಂಟ್ ಹೋದರೆ ಅಂದ. ಬ್ಯಾಟರಿ ಇದೆ, ಆಗಲೂ ರೆಕಾರ್ಡ್ ಆಗುತ್ತೆ ಅಂದೆ. ತಕ್ಷಣ ಅದನ್ನ ವಾಪಸ್ ಇಟ್ಟುಬಿಟ್ಟ! ಜೂಮ್ ಇರೋ, ಹಗಲು ಬೆಳಕಲ್ಲಿ ಚಂದ ಬರೋ ಈ ಕ್ಯಾಮೆರಾ ತೊಗೊಂಡ. ಕಾವಲಿಗೆ ಇದು ಆಗೋದಿಲ್ಲಪ್ಪ ಅಂದೆ. ಇದೇ ಸಾಕು ಅಂದ."

ಸುಪ್ರಜಾ ಎದ್ದಳು.

"ಅವರ ಮಾವ ಪಾಪ, ಮಾರನೇ ವಾರ ಒಬ್ಬರೇ ಬಂದಿದ್ದರು," ಮಾಧವನ ಮಾತು ಮುಗಿದಿರಲಿಲ್ಲ. "ಹೆಂಡತಿ, ಟಗರು ಇಬ್ಬರ ವಿಡಿಯೊ. ಟಿವಿಯಲ್ಲಿ ನೋಡಬೇಕು ಅಂತ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು."

ಸುಪ್ರಜಾ ಮತ್ತೆ ಕೂತಳು. "ಅದು ಕಣ್ಣಿನ ಆಪರೇಷನ್‌ಗೆ ಮೊದಲೋ, ಆಮೇಲೋ?"

"ಮೊದಲು. ಮುಂದಿನ ವಾರ ಆಪರೇಷನ್ ಅಂತ ಹೇಳಿದ ನೆನಪು."

* * *

ಪೆನ್‌ಡ್ರೈವ್ ಟಿವಿಯ ಬೆನ್ನಿಗೇ ಚುಚ್ಚಿಕೊಂಡಿತ್ತು. ಬಂದ ನೆಂಟರಿಗೆಲ್ಲ ಚಿನ್ನಪ್ಪ ಅದನ್ನೇ ತೋರಿಸುತ್ತಿದ್ದ. ಈ ಸಲ ನೋಡಲು ಕೂತವರು ಮುನಿವೆಂಕಟಮ್ಮ, ಶಕ್ತಿವೇಲ್, ಮಂದೆಗೆ ಬೆಲೆ ಕಟ್ಟಲು ಬಂದಿದ್ದ ಶಿವಾ.

ಪರದೆಯ ಮೇಲೆ ಮುನಿವೆಂಕಟಮ್ಮ ಟಗರಿನ ಎಡಗಿವಿ ತುರಿಸುತ್ತಿದ್ದಳು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಸುಪ್ರಜಾ ಅಲ್ಲೇ ನಿಲ್ಲಿಸಿದಳು.

"ಕಚ್ಚಿನ ಅಂಚು ನೋಡಿ. ಪೂರ್ತಿ ಕೂದಲು ಬೆಳೆದಿದೆ. ಅದರ ಕೆಳಗೆ ಇನ್ನೊಂದು ಸಣ್ಣ ಸೀಳು. ಅಮ್ಮಾ, ಅದೇನು?"

"ಮರಿ ಇದ್ದಾಗ ಜಾಲಿ ಮುಳ್ಳಿಗೆ ಸಿಕ್ಕಿ ಸೀಳಿದ್ದು."

"ಈಗ ದೊಡ್ಡಿಯಲ್ಲಿರೋ ಟಗರಿಗೆ ಆ ಸೀಳಿಲ್ಲ. ಕಿವಿಗೆ ಮುಳ್ಳು ತಾಗಿ ಹೊಸ ಗಾಯ ಆಗಬಹುದು ಶಕ್ತಿವೇಲ್. ಹಳೇ ಸೀಳು ಕೂಡಿಕೊಳ್ಳೋದಿಲ್ಲ."

ಶಕ್ತಿವೇಲ್ ಟಿವಿಯಿಂದ ಕಣ್ಣು ಕಿತ್ತು ನೆಲ ನೋಡಿದ.

"ಟಗರು ಕಾಣೆಯಾದರೆ ಪೊಲೀಸರು ಬರ್ತಾರೆ," ಎಂದಳು ಸುಪ್ರಜಾ. "ಬದಲಾದರೆ, ಕಣ್ಣು ಮಂಜಾದ ಅತ್ತೆಗೆ ಮಾತ್ರ ಗೊತ್ತಾಗುತ್ತೆ. ಅವರ ಮಾತು ಯಾರೂ ನಂಬಲ್ಲ. ಇದು ನಿನ್ನ ಲೆಕ್ಕ. ಕಿವಿ ಕುಯ್ದು ಗಾಯ ಮಾಯಿಸೋದಕ್ಕೆ ದೊಡ್ಡಿ ಪೂರ್ತಿ ನಿನ್ನ ಕೈಲಿತ್ತು. ಉಳಿದಿದ್ದು ಕಾವಲಿನ ಕ್ಯಾಮೆರಾ. ಕತ್ತಲಲ್ಲಿ ಕಾಣುತ್ತೆ ಅಂದಿದ್ದಕ್ಕೇ ಒಳ್ಳೇ ಕ್ಯಾಮೆರಾ ವಾಪಸ್ ಇಟ್ಟವನು ನೀನು. ಅಂಗಡಿಯವರು ದೊಡ್ಡಿಗೆ ಯಾವುದು ಬೇಕು ಅಂತ ನೋಡಿದರು. ನೀನು ನಿನಗೆ ಯಾವುದು ಬೇಕು ಅಂತ ನೋಡಿಕೊಂಡೆ. ಅದು ಹಗಲಲ್ಲಿ ಇಷ್ಟು ಚೆನ್ನಾಗಿ ಕಾಣುತ್ತೆ ಅನ್ನೋದು ಮಾತ್ರ ಮರೆತೆ."

"ಎಲ್ಲಲಾ ಟಗರು?" ಚಿನ್ನಪ್ಪ ಗುಡುಗಿದ.

"ಕಾರಿಮಂಗಲಂ ಹತ್ರ ಮಾವಾ, ಕುರಿ ಸಾಕೋರ ತಾವ. ತಳಿಗೆ ಅಂತ ಒಳ್ಳೆ ರೇಟಿಗೆ ಮಾರ್ಬಿಟ್ಟೆ. ತಪ್ಪಾಯ್ತು, ಮನ್ನಿಚ್ಚಿಡುಂಗ ಮಾವಾ." ಶಕ್ತಿವೇಲ್ ಮಾವನ ಕಾಲು ಹಿಡಿದ. "ದೊಡ್ಡ ಕ್ಯಾಮೆರಾ ಬೇಕಾಗಿತ್ತು. ಅದಿಲ್ದೆ ಯಾರೂ ಮದುವೆಗೆ ಕರೀತಿಲ್ಲ."

"ಕೇಳಿದ್ರೆ ನಾನೇ ಟಗರು ಮಾರಿ ಕೊಡ್ತಿದ್ನಲ್ಲೋ," ಎಂದಳು ಮುನಿವೆಂಕಟಮ್ಮ. "ನನ್ನ ಕುರುಡಿ ಮಾಡಿದ್ಯಲ್ಲಾ."

ಶಕ್ತಿವೇಲ್ ಸುಪ್ರಜಾಳ ಹಿಂದೆ ಜೀಪಿನ ಕಡೆ ನಡೆದ. ಶಿವಾ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಯಾವ ಬೆಲೆಯನ್ನೂ ಕೇಳದೆ ಹೊರಟುಹೋದ.

* * *

ಎರಡು ದಿನದ ಮೇಲೆ ಕಾರಿಮಂಗಲದಿಂದ ವ್ಯಾನ್ ಬಂತು. ಟಗರು ಇಳಿದು ನೇರ ಮುನಿವೆಂಕಟಮ್ಮನ ಮಡಿಲಿಗೆ ತಲೆ ಒತ್ತಿತು. ಅವಳು ಅಳುತ್ತಲೇ ಅದರ ಕಿವಿ ಸವರಿದಳು.

ಚಿನ್ನಪ್ಪ ದೂರ ನಿಂತಿದ್ದ. ಹತ್ತಿರ ಬರಲು ಅವನಿಗೆ ನಾಚಿಕೆ.

"ಬಾ ಇಲ್ಲಿ," ಎಂದು ಕರೆದಳು. ಅವನ ಕೈ ಹಿಡಿದು ಎರಡು ಬೆರಳನ್ನು ಆ ಸೀಳಿನ ಮೇಲೆ ಇಟ್ಟಳು. "ಅವತ್ತು ನಾನು ಕಣ್ಣಲ್ಲಿ ನೋಡಿ ಏಳಿದ್ನಾ? ಕಣ್ಣು ಮಂಜು, ಒಪ್ದೆ. ನನ್ನ ಬೆರಳಿಗೇನಾಗಿತ್ತು?"

ಚಿನ್ನಪ್ಪ ಬೆರಳು ತೆಗೆಯಲಿಲ್ಲ.

"ಮಂದೆ ಮಾರಲ್ಲ ಕಣೇ," ಎಂದ.

"ನೀನ್ಯಾವನು ಮಾರೋಕೆ?" ಎಂದಳು ಮುನಿವೆಂಕಟಮ್ಮ. "ಓಗಿ ಸೊಪ್ಪು ತಗಂಡ್ ಬಾ."

ಚಿನ್ನಪ್ಪ ಸೊಪ್ಪು ತರಲು ಹೋದ.